ಹಸಿವಿನ ಅರಿವು, ಪಾಲಿನ ಧರ್ಮ

ಅರುಣೋದಯಕ್ಕೆ ಮುನ್ನವೇ ಉಂಡು, ಸೂರ್ಯಾಸ್ತದವರೆಗೆ ಗುಟುಕು ನೀರನ್ನೂ ಮುಟ್ಟದೆ, ನಾಲಗೆಯನ್ನು ಸುಳ್ಳಿನಿಂದಲೂ ನಿಂದೆಯಿಂದಲೂ ಕಾಯ್ದುಕೊಂಡು, ಸಂಜೆಯ ಬಾಂಗಿನೊಡನೆ ಖರ್ಜೂರದ ಒಂದು ಹಣ್ಣಿನಿಂದ ಮುಗಿಸುವ ರಂಜಾನ್ ಮಾಸದ ರೋಜಾ, ಉಳ್ಳವನಿಗೆ ಇಲ್ಲದವನ ಹಸಿವನ್ನು ತನ್ನ ಒಡಲಿನಲ್ಲಿಯೇ ಅರಿಯುವಂತೆ ಮಾಡುವ ವ್ರತವಾಗಿದೆ. ಚಾಂದ್ರವರ್ಷವು ಸೌರವರ್ಷಕ್ಕಿಂತ ಸುಮಾರು 11 ದಿನ ಕಿರಿದಾದುದರಿಂದ, ಈ ಮಾಸವು ಸುಮಾರು 33 ವರ್ಷಗಳಲ್ಲಿ ಸಕಲ ಋತುಗಳನ್ನೂ ಸುತ್ತಿಬರುತ್ತದೆ. ಹೀಗಾಗಿ ಬೇಸಗೆಯ ರೋಜಾದ ದಾಹ ಯಾವ ನಾಡಿನವರನ್ನೂ ಬಿಡುವುದಿಲ್ಲ. ಮಾಸ ಮುಗಿದೊಡನೆ ಬರುವ ಈದ್ ಹಬ್ಬದ ನಮಾಜಿಗೆ ಮೊದಲೇ ಬಡವರಿಗೆ ಫಿತ್ರದ ದಾನ ಸಲ್ಲಬೇಕು. ಬಕ್ರೀದಿನಂದು ಪ್ರವಾದಿ ಇಬ್ರಾಹೀಮರ ತ್ಯಾಗವನ್ನು ಸ್ಮರಿಸಿ ಅರ್ಪಿಸುವ ಕುರ್ಬಾನಿಯ ಬಲಿಮಾಂಸವನ್ನು ಮೂರು ಪಾಲು ಮಾಡಿ, ಮನೆಯವರಿಗೆ, ಬಂಧುಮಿತ್ರರಿಗೆ, ದರಿದ್ರರಿಗೆ ಹಂಚುವ ರೂಢಿಯಿದೆ. ದೇವರಿಗೆ ಸಲ್ಲುವುದು ಆ ಮಾಂಸವಲ್ಲ, ಅರ್ಪಿಸುವವನ ಅಂತಃಕರಣದ ಭಕ್ತಿಯೆಂಬುದೇ ಕುರಾನಿನ ಬೋಧೆ. ತನ್ನ ಹಸಿವಿನಿಂದ ಪರರ ಹಸಿವನ್ನರಿತು, ತನ್ನದರಲ್ಲಿ ಪರರ ಪಾಲನ್ನು ತೆಗೆದಿರಿಸುವವನೇ ನಿಜವಾದ ವ್ರತಸ್ಥನು.