ಸಾಂಕ್ರಾಮಿಕವೂ ಬಾಡಿಗೆಯ ಖೋಲಿಯೂ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ನಾನು ಅರ್ಥಶಾಸ್ತ್ರ ಓದಿದವನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವ ಗುಮಾಸ್ತ. ಆದರೆ ನಮ್ಮ ಸಂಬಳದ ಮೊದಲ ತುತ್ತು ಬಾಡಿಗೆಗೇ ಹೋಗುವುದರಿಂದ, ರೋಗ ಬಂದಾಗ ಮನೆಗಳ ಬೇಡಿಕೆ ಹೇಗೆ ತಿರುಗುತ್ತದೆಂದು ನಾಲ್ಕು ಮಾತು ಹೇಳಬಯಸುತ್ತೇನೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಡಾ. ವಿಯೇಗಸ್ ಅವರು ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ನಗರದ ಅರ್ಧದಷ್ಟು ಜನ ಊರು ಬಿಟ್ಟರು. 1897ರಲ್ಲಿ ಗಿರಣಿಗಳಿಗೆ ಆಳು ಸಿಗದೆ, ಬೀದಿಯ ತಿರುವುಗಳಲ್ಲಿ ಕೂಲಿಗೆ ಹರಾಜು ಕೂಗುವಂತಾಯಿತು. ನಗರಕ್ಕೆ ನಮ್ಮ ಬೆಲೆ ತಿಳಿದದ್ದು ನಾವು ಇಲ್ಲದಾಗ!

1898ರಲ್ಲಿ ಸರಕಾರವು ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಅದು ಇಕ್ಕಟ್ಟಿನ ಓಣಿಗಳನ್ನು ಒಡೆದು ಅಗಲ ರಸ್ತೆ ಹಾಕಿತು. ದಾದರ್, ಮಾಟುಂಗಗಳಲ್ಲಿ ಗಾಳಿ ಬೆಳಕಿನ ಬಡಾವಣೆಗಳನ್ನು ಯೋಜಿಸಿತು. ನಮ್ಮ ಮೈಸೂರು ಅಸೋಸಿಯೇಷನ್ ಇರುವುದೂ ಆ ಮಾಟುಂಗದಲ್ಲೇ. ಆದರೆ ಕೆಡವಿದಷ್ಟು ಬೇಗ ಬಡವರಿಗೆ ಕಟ್ಟಲಿಲ್ಲ. ಹೊರಬಿದ್ದವರು ಪಕ್ಕದ ಚಾಳುಗಳಿಗೆ ನುಗ್ಗಿದರು. ಅಲ್ಲಿ ಬಾಡಿಗೆ ಏರಿತು. 1898ರಲ್ಲಿ ಬೆಂಗಳೂರಿಗೂ ಪ್ಲೇಗು ಬಂದಾಗ ಪೇಟೆಯ ಜನ ಬಸವನಗುಡಿ, ಮಲ್ಲೇಶ್ವರಗಳತ್ತ ಮುಖ ಮಾಡಿದರು. ಹೋಗಲು ಶಕ್ತಿಯಿದ್ದವರಿಗೆ ಅಂಗಳ ಸಿಕ್ಕಿತು; ಇಲ್ಲದವರು ಪೇಟೆಯಲ್ಲೇ ಉಳಿದರು.

ಇನ್ನು 2020ಕ್ಕೆ ಬರೋಣ. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಕಂಪ್ಯೂಟರ್ ಕೆಲಸದವರಿಗೆ ಮನೆಯೇ ಕಚೇರಿಯಾಯಿತು. ಬೆಂಗಳೂರಿನಲ್ಲಿ ಪಿ.ಜಿ. ಕೋಣೆಗಳು ಬರಿದಾಗಿ ಬಾಡಿಗೆ ಇಳಿಯಿತು. ಇತ್ತ ಮಹಾರಾಷ್ಟ್ರ ಸರಕಾರವು ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಮುದ್ರಾಂಕ ಶುಲ್ಕವನ್ನು ಕಡಿಮೆ ಮಾಡಿತು. ಸಾಲದ ಬಡ್ಡಿಯೂ ಇಳಿದಿತ್ತು. ಕೈಯಲ್ಲಿ ಹಣವಿದ್ದವರು ಕೆಲಸಕ್ಕೆಂದು ಇನ್ನೊಂದು ಕೋಣೆ ಬೇಕೆಂದು ದೊಡ್ಡ ಮನೆ ಕೊಂಡರು. 2022ರ ನಂತರ ಕಚೇರಿಗಳು ನೌಕರರನ್ನು ಮರಳಿ ಕರೆದಾಗ ಬೆಂಗಳೂರಿನ ಬಾಡಿಗೆ ಮೊದಲಿಗಿಂತ ಮೇಲೇರಿತು.

ಆದರೆ ಮಗ್ಗವನ್ನು ಮನೆಗೆ ಹೊತ್ತೊಯ್ಯಲಾದೀತೇ? ಹೋಟೆಲಿನ ಒಲೆಯನ್ನು? ನಮ್ಮವರಲ್ಲಿ ಎಷ್ಟೋ ಮಂದಿ ಖೋಲಿಯ ಬಾಡಿಗೆ ಕಟ್ಟಲಾಗದೆ, ಮೇ ತಿಂಗಳ ಶ್ರಮಿಕ ರೈಲು ಹತ್ತಿದರು. ತಿರುಗಿ ಬಂದಾಗ ಖೋಲಿ ಬೇರೆಯವರ ಪಾಲಾಗಿತ್ತು. ಬಾಡಿಗೆ ಇಳಿದಾಗ ಅದರ ಲಾಭ ಪಡೆಯಲು ನಾವು ಇರಲಿಲ್ಲ. ಏರಿದಾಗ ತೆರಲು ಬಂದೆವು. ಅದೇ ವರ್ಷ ಕೇಂದ್ರ ಸರಕಾರವು ವಲಸೆಗಾರರಿಗೆ ಕೈಗೆಟಕುವ ಬಾಡಿಗೆ ಮನೆಗಳ ಯೋಜನೆಯನ್ನು ಸಾರಿತು. ರೋಗ ಕಾಣಿಸಿದ ಮೇಲೆಯೇ ನಮ್ಮ ವಸತಿ ಕಾಣಿಸುವುದು, ಅಂದೂ ಇಂದೂ.

ಆದುದರಿಂದ ನನ್ನದೊಂದು ವಿನಂತಿ. 1999ರ ಮಹಾರಾಷ್ಟ್ರ ಬಾಡಿಗೆ ಕಾಯಿದೆಯಂತೆ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ನೋಂದಾಯಿಸುವ ಹೊಣೆ ಮಾಲಿಕನದು. ಕೊಟ್ಟ ಹಣಕ್ಕೆ ರಸೀದಿ ಕೇಳಿರಿ. 2021ರ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡವೆನ್ನುತ್ತದೆ. ಅದು ಮಾದರಿ ಮಾತ್ರ; ರಾಜ್ಯವು ಒಪ್ಪಿ ಕಾನೂನು ಮಾಡಿದರೇ ಜಾರಿಗೆ ಬರುವುದು. ಹಾಗೆ ಮಾಡಿರೆಂದು ಕೇಳುವುದು ನಮ್ಮ ಹಕ್ಕು.

ಕರಾರು ಓದಲು ಬಾರದವರು ಸಂಕೋಚಪಡದೆ ಇಲ್ಲಿಗೆ ತನ್ನಿರಿ. ಓದಿ ಹೇಳುವವರು ಈ ಮೇಜಿನ ಸುತ್ತ ಇದ್ದೇವೆ. ಮುಂದಿನ ಕಷ್ಟ ಬರುವುದರೊಳಗೆ ನಮ್ಮ ಕಾಗದಗಳು ನಮ್ಮ ಪೆಟ್ಟಿಗೆಯಲ್ಲಿರಲಿ.