ಗೆಳೆಯ ಸಾವಿನ ಮಾತಾಡಿದಾಗ

ಪ್ರೀತಿಯ ವಿದ್ಯಾರ್ಥಿಗಳೇ, ಹಾಸ್ಟೆಲಿನ ಗೆಳೆಯನೋ ಮನೆಯ ತಂಗಿಯೋ "ನಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ" ಎಂದರೆ ನೀವೇನು ಮಾಡುತ್ತೀರಿ? ನಕ್ಕು ಸುಮ್ಮನಾಗುವವರೇ ಹೆಚ್ಚು. ದಯವಿಟ್ಟು ನಗಬೇಡಿ. ಪಕ್ಕದಲ್ಲಿ ಕುಳಿತು ನೇರವಾಗಿಯೇ ಕೇಳಿ: "ಪ್ರಾಣ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯಾ?" ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಬೇಡ, ಹಾಗಾಗುವುದಿಲ್ಲ. ಒಳಗಿನ ಭಾರ ಹೇಳಿಕೊಳ್ಳಲು ದಾರಿ ಸಿಗುತ್ತದೆ.

ಆಮೇಲೆ ನಿಮ್ಮ ಕೆಲಸ ಕೇಳಿಸಿಕೊಳ್ಳುವುದು. "ಅದು ಹರಾಮ್, ನಿನ್ನ ಈಮಾನ್ ದುರ್ಬಲ" ಎಂದು ಆ ಹೊತ್ತಿನಲ್ಲೇ ಉಪದೇಶಿಸುವವರಿದ್ದಾರೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮೊದಲೇ ಕುಗ್ಗಿದ ಜೀವ ಮತ್ತೆ ಬಾಯಿ ಬಿಡುವುದಿಲ್ಲ. ನಮಾಜಿಗೆ ಜೊತೆಯಲ್ಲಿ ಕರೆದೊಯ್ಯಿರಿ, ವೈದ್ಯರ ಬಳಿಗೂ ಕರೆದೊಯ್ಯಿರಿ.

"ಯಾರಿಗೂ ಹೇಳಬೇಡ" ಎಂದು ಆಣೆ ಕೇಳಿದರೆ ಆ ಮಾತೊಂದನ್ನು ಮಾತ್ರ ಕೊಡಬೇಡಿ. ನಂಬಿಕೆಯ ಹಿರಿಯರೊಬ್ಬರಿಗೆ ತಿಳಿಸಿ. ಪೊಲೀಸ್ ಕೇಸಾದೀತೆಂದು ಮುಚ್ಚಿಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಶಿಕ್ಷೆಯಿಂದ ಹೊರಗಿಡುತ್ತದೆ.

2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ. ಕನ್ನಡದಲ್ಲೇ ಮಾತಾಡಬಹುದು, ಗೆಳೆಯನ ಪರವಾಗಿ ನೀವೂ ಕರೆ ಮಾಡಬಹುದು. ಅಪಾಯ ಹತ್ತಿರವೆನಿಸಿದರೆ 112ಕ್ಕೆ ಕರೆ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ. ವಾರ ಕಳೆದ ಮೇಲೆ ಮತ್ತೆ ಹೋಗಿ, "ಊಟ ಆಯ್ತಾ, ನಿದ್ದೆ ಬರ್ತಿದೆಯಾ" ಎಂದು ವಿಚಾರಿಸಿ.