ಹೊಗೆಸೊಪ್ಪು ಕೊಳ್ಳುವ ಮುನ್ನ

(ಬೆಳ್ಳಿ ಹಬ್ಬದ ಅಂಗವಾಗಿ ನಡೆದ ರೈತರ ಸಭೆಯಲ್ಲಿ ಸಂಘದ ನಿರ್ದೇಶಕರು ಆಡಿದ ಮಾತುಗಳು)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹೊಗೆಸೊಪ್ಪಿನ ವಿಚಾರ ಯಾಕೆ ತೆಗೆದರು ಅಂತ ಕೆಲವರು ನಗಬಹುದು. ನಾವಾಗಿ ತೆಗೆದದ್ದಲ್ಲ. ಹಿಂದಿನ ಆಡಳಿತ ಮಂಡಳಿ ಸಭೆಗೆ ಸದಸ್ಯರಿಂದ ಒಂದು ಅರ್ಜಿ ಬಂತು. ಗೊಬ್ಬರ, ಬಿತ್ತನೆ ಬೀಜ, ಹಿಂಡಿ ತರಿಸಿದ ಹಾಗೆ ರಾಸಾಯನಿಕ ಹಾಕದೆ ಬೆಳೆದ ಇಡೀ ಎಲೆಯ ಹೊಗೆಸೊಪ್ಪನ್ನೂ ಸಣ್ಣ ಬೆಳೆಗಾರರಿಂದ ನೇರವಾಗಿ ತರಿಸಿ ಕೊಡಬೇಕು ಅಂತ. ಅರ್ಜಿಗೆ ಸಹಿ ಹಾಕಿದವರಲ್ಲಿ ಎರಡು ಪಂಗಡ. ಒಂದು, ಕಷಾಯ ಮಾಡಿ ಗಿಡಕ್ಕೆ ಹೊಡೆಯುವವರು. ಇನ್ನೊಂದು, ಎಲೆ ಅಡಿಕೆ ಜೊತೆ ಹಾಕಿಕೊಳ್ಳುವ ನಮ್ಮ ಹಿರಿಯರು. ವಿಚಾರಿಸಿ ಹೇಳಪ್ಪಾ ಅಂತ ಮಂಡಳಿಯವರು ನಮ್ಮ ತಲೆಗೆ ಕಟ್ಟಿದರು. ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿದವರು, ವಿಜ್ಞಾನಿಗಳಲ್ಲ. ಕೇಳಿ ತಿಳಿದದ್ದನ್ನು, ಕೈಯಲ್ಲಿ ಹಿಡಿದು ನೋಡಿದ್ದನ್ನು ಹೇಳುತ್ತೇವೆ.

ಹೊಗೆಸೊಪ್ಪು ನಮ್ಮ ದೇಶದ ಗಿಡವಲ್ಲ. ಅಮೆರಿಕಾ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಸುಮಾರು 1604ರಲ್ಲಿ ಅಕ್ಬರನ ಕಡೆಯ ಅಸದ್ ಬೇಗ್ ಎಂಬಾತ ಅದನ್ನು ಮೊದಲು ಕಂಡದ್ದು ನಮ್ಮ ಬಿಜಾಪುರದಲ್ಲಿ. ಅಲ್ಲಿಂದಲೇ ಬಾದಶಹನಿಗೆ ಕಾಣಿಕೆ ಒಯ್ದ. ಹಾಗೆ ನೋಡಿದರೆ ಆ ಚಟವನ್ನು ಉತ್ತರದವರ ದರಬಾರಿಗೆ ತಲುಪಿಸಿದ್ದು ಕನ್ನಡ ನಾಡೇ! ಅದು ಹೆಮ್ಮೆಯೋ ಅಲ್ಲವೋ ನೀವೇ ಹೇಳಿ.

ಈಗ ಎಲೆ ಸಿಗುವುದೆಲ್ಲಿ? ನಮ್ಮ ಅಜ್ಜಂಪುರ ಸೀಮೆಯಲ್ಲಿ ಈರುಳ್ಳಿ, ಜೋಳ, ರಾಗಿ, ತೆಂಗು, ಅಡಿಕೆ. ಹಿಂದೆ ಹಿತ್ತಿಲಲ್ಲಿ, ಕೊಟ್ಟಿಗೆ ಗೊಬ್ಬರ ಬಿದ್ದ ಜಾಗದಲ್ಲಿ ನಾಲ್ಕು ಗಿಡ ಹಾಕಿಕೊಳ್ಳುತ್ತಿದ್ದವರಿದ್ದರು, ಈಗ ಕಾಣೆ. ಹೊಗೆಸೊಪ್ಪು ಅಂದರೆ ಎಲ್ಲರ ಬಾಯಲ್ಲೂ ಬರುವುದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ. ಆದರೆ ಆ ಸೀಮೆಯ ಎಲೆ ಸಿಗರೇಟಿನದು. ಬ್ಯಾರನ್ ಮನೆಯಲ್ಲಿ ತೂಗುಹಾಕಿ, ಸೌದೆ ಉರಿಯ ಬಿಸಿಯಲ್ಲಿ ಹಳದಿ ಬರುವಂತೆ ಒಣಗಿಸುತ್ತಾರೆ. ಅದಕ್ಕೆ 1975ರ ತಂಬಾಕು ಮಂಡಳಿ ಕಾನೂನು ಇದೆ. ರೈತ ಮಂಡಳಿಯಲ್ಲಿ ನೋಂದಣಿ ಆಗಿರಬೇಕು, ಎಲೆಯನ್ನು ಮಂಡಳಿಯ ಹರಾಜು ಕಟ್ಟೆಗೇ ಒಯ್ಯಬೇಕು. ಕರ್ನಾಟಕದಲ್ಲಿ 1984ರಿಂದ ಹರಾಜು ನಡೆಯುತ್ತಿದೆ. ಹಾಗಾಗಿ ಯಾರಾದರೂ "ಪಿರಿಯಾಪಟ್ಟಣದ ಹಳದಿ ಎಲೆ, ಹರಾಜಿಗೆ ಹಾಕದ್ದು, ನಿಮ್ಮ ಮನೆ ಬಾಗಿಲಿಗೇ ತರ್ತೀನಿ" ಅಂದರೆ ಬೆಲೆ ಕೇಳುವುದಕ್ಕೂ ಹೋಗಬೇಡಿ. ಸಂಘದ ಹೆಸರಿನಲ್ಲಂತೂ ಅದು ಆಗದ ಮಾತು.

ಇನ್ನು ನಿಪ್ಪಾಣಿ ಕಡೆಯದು ಬೀಡಿ ತಂಬಾಕು. ಬೆಲೆಗಾಗಿ ಆ ಭಾಗದ ರೈತರು 1981ರಲ್ಲಿ ದೊಡ್ಡ ಚಳವಳಿಯನ್ನೇ ಮಾಡಿದ್ದರು, ಹಿರಿಯರಿಗೆ ನೆನಪಿರಬಹುದು. ಆ ಎಲೆಯನ್ನು ಬಿಸಿಲಿನಲ್ಲಿ ಒಣಗಿಸುತ್ತಾರೆ, ಕಾರ ಜಾಸ್ತಿ. ಆದರೆ ಪೇಟೆಗೆ ಬರುವುದು ಹೆಚ್ಚಾಗಿ ಚೂರಾಗಿ. ಇಡೀ ಎಲೆ ಬೇಕೆಂದರೆ ರೈತನಿಗೆ ಮೊದಲೇ ಹೇಳಿ ತೆಗೆದಿರಿಸಬೇಕು. ತಮಿಳುನಾಡಿನ ವೇದಾರಣ್ಯ, ದಿಂಡಿಗಲ್ ಕಡೆ ಜಗಿಯುವ ಎಲೆ ಬೆಳೆಯುತ್ತಾರೆ. ಅದು ಇಡೀ ಎಲೆಯೇ. ಆದರೆ ಜಗಿಯುವ ಎಲೆಗೆ ಬೆಲ್ಲದ ನೀರು ಮೊದಲಾದ್ದನ್ನು ಚಿಮುಕಿಸಿ ಹದ ಮಾಡುವ ಪದ್ಧತಿ ಉಂಟು. ಕಷಾಯಕ್ಕೆ ಅಂಥದ್ದು ಬೇಡ. ಬೆಲ್ಲಕ್ಕೂ ನೀರಿಗೂ ತೂಕದ ದುಡ್ಡು ಕೊಟ್ಟ ಹಾಗಾಗುತ್ತದೆ, ಬೂಷ್ಟೂ ಬೇಗ ಹಿಡಿಯುತ್ತದೆ.

ಇಡೀ ಎಲೆಯನ್ನೇ ಯಾಕೆ ಕೇಳಬೇಕು? ಪುಡಿಯಲ್ಲಿ ಏನು ಬೆರೆಸಿದರೂ ಕಾಣುವುದಿಲ್ಲ. ದಂಟು, ಮಣ್ಣು, ಹಳೇ ಸರಕು ಎಲ್ಲ ಒಂದೇ ಬಣ್ಣ. ಎಲೆಯಾದರೆ ಬಿಚ್ಚಿ ನೋಡಬಹುದು. ಕಟ್ಟಿನ ಮೇಲಿನ ಎಲೆ ನೋಡಿ ಒಪ್ಪಬೇಡಿ, ನಡುವಿನಿಂದ ಎಳೆಯಿರಿ. ಮುಷ್ಟಿಯಲ್ಲಿ ಮೆಲ್ಲಗೆ ಹಿಡಿದು ಬಿಟ್ಟರೆ ಎಲೆ ಬಿಚ್ಚಿಕೊಳ್ಳಬೇಕು. ಪುಡಿಪುಡಿಯಾದರೆ ಅತಿಯಾಗಿ ಒಣಗಿದೆ. ಹಿಡಿದ ಹಾಗೇ ಮುದ್ದೆಯಾಗಿ ಕೂತರೆ ತೂಕಕ್ಕೆ ನೀರು ಚಿಮುಕಿಸಿದ್ದಾರೆ ಅಂತ ಲೆಕ್ಕ. ನಡುದಂಟನ್ನು ಮುರಿದು ನೋಡಿ, ಲಟಕ್ ಅನ್ನಬೇಕು. ಬಾಗಿದರೆ ಒಳಗೆ ಹಸಿ ಇದೆ, ಗೋಣಿಯಲ್ಲಿ ಕೊಳೆಯುತ್ತದೆ. ಮುಗ್ಗಲು ವಾಸನೆ, ಬಿಳಿ ಹಸಿರು ಬೂಷ್ಟು ಇದ್ದರೆ ವಾಪಸ್. ಗುಂಡುಸೂಜಿ ತಲೆಯಷ್ಟು ಸಣ್ಣ ತೂತು, ಕಂದು ಬಣ್ಣದ ಸಣ್ಣ ದುಂಬಿ ಕಂಡರೆ ಅದು ಹೊಗೆಸೊಪ್ಪಿನದೇ ಹುಳು. ಹೊಗೆಸೊಪ್ಪನ್ನೇ ತಿಂದು ಬದುಕುವ ಹುಳು ಇದೆ ಅಂದರೆ ನಂಬಲಿಕ್ಕಿಲ್ಲ ನೀವು, ಆದರೆ ಇದೆ. ಗೋದಾಮಿನಲ್ಲಿ ಆ ಹುಳು ಸಾಯಿಸಲಿಕ್ಕೆ ನಾವು ಕಾಳಿಗೆ ಇಡುವಂಥದೇ ವಿಷದ ಗುಳಿಗೆ ಇಡುತ್ತಾರೆ. ಹೊಲದಲ್ಲಿ ಔಷಧಿ ಹೊಡೆಯದೆ ಬೆಳೆದ ಎಲೆಗೆ ಗೋದಾಮಿನಲ್ಲಿ ಗುಳಿಗೆ ಇಟ್ಟರೆ ಏನು ಬಂತು? ಇದನ್ನು ಕೇಳುವವರೇ ಇಲ್ಲ.

ಮಾರುವವನನ್ನು ಕೇಳಬೇಕಾದ್ದು ಇನ್ನೂ ಇದೆ. ಹೊಗೆಸೊಪ್ಪಿನ ಗಿಡದ ತುದಿ ಮುರಿದ ಮೇಲೆ ಎಲೆ ಸಂದಿನಲ್ಲಿ ಮರಿಗುಡಿ ಒಡೆಯುತ್ತದೆ. ಅದನ್ನು ಕೈಯಲ್ಲಿ ಚಿವುಟಬೇಕು, ಇಲ್ಲವೇ ಔಷಧಿ ಮುಟ್ಟಿಸಿ ಸುಡಬೇಕು. "ಕುಡಿ ಹೇಗೆ ತೆಗೀತೀರಪ್ಪಾ? ಆಳು ಎಷ್ಟು ಹಿಡಿಯಿತು?" ಅಂತ ಕೇಳಿ. ತಾನೇ ಬೆಳೆದವನು ಗೊಣಗುತ್ತಾ ಲೆಕ್ಕ ಒಪ್ಪಿಸುತ್ತಾನೆ. ದಲ್ಲಾಳಿಯಾದರೆ "ಎಲ್ಲಾ ಸಾವಯವ ಸಾರ್" ಅನ್ನುತ್ತಾನೆ, ಮುಂದಕ್ಕೆ ಮಾತಿಲ್ಲ. ಯಾವ ಗೊಬ್ಬರ ಹಾಕಿದಿರಿ, ಸಸಿಮಡಿಗೆ ಏನು ಹೊಡೆದಿರಿ, ಪಕ್ಕದ ಹೊಲ ಯಾರದು ಅಂತಲೂ ಕೇಳಿ.

ಸರ್ಟಿಫಿಕೇಟ್ ಇದೆ ಎಂದರೆ ಓದಿ ನೋಡಿ. ಅದರಲ್ಲಿ ಬೆಳೆಯ ಹೆಸರು, ಯಾವ ವರ್ಷ, ಯಾರ ಹೆಸರಿನಲ್ಲಿ ಎಂಬುದು ಬರೆದಿರುತ್ತದೆ. ಒಬ್ಬರ ಶುಂಠಿಗೆ ಕೊಟ್ಟ ಸರ್ಟಿಫಿಕೇಟ್ ಇನ್ನೊಬ್ಬರ ಹೊಗೆಸೊಪ್ಪಿಗೆ ಆಗುವುದಿಲ್ಲ. ಸಣ್ಣ ರೈತರು ಐದಾರು ಜನ ಗುಂಪು ಕಟ್ಟಿಕೊಂಡು ಒಬ್ಬರ ಹೊಲ ಒಬ್ಬರು ನೋಡಿ ದೃಢೀಕರಿಸುವ ಪಿ.ಜಿ.ಎಸ್. ಎಂಬ ಪದ್ಧತಿಯೂ ಇದೆ. ಅದಕ್ಕೆ ಖರ್ಚು ಕಡಿಮೆ. ನಮಗಂತೂ ಕಾಗದಕ್ಕಿಂತ ಒಂದು ಸಲ ಬಸ್ಸು ಹತ್ತಿ ಹೋಗಿ ಹೊಲ ನೋಡಿ ಬರುವುದೇ ಮೇಲು ಅನಿಸುತ್ತದೆ.

ಎಲೆ ಒಳ್ಳೆಯದೇ ಸಿಕ್ಕಿತು ಅನ್ನಿ. ಕಷಾಯ ಮಾಡುವ ಕ್ರಮ ಹೀಗೆ: ಅರ್ಧ ಕೆ.ಜಿ. ಸೊಪ್ಪನ್ನು ನಾಲ್ಕೂವರೆ ಲೀಟರ್ ನೀರಿನಲ್ಲಿ ಒಂದು ಹಗಲು ಒಂದು ರಾತ್ರಿ ನೆನೆಹಾಕಿ. 120 ಗ್ರಾಂ ಬಾರ್ ಸೋಪನ್ನು ಬೇರೆ ನೀರಿನಲ್ಲಿ ಕರಗಿಸಿ. ಸೋಸಿದ ಕಷಾಯಕ್ಕೆ ಸೋಪಿನ ನೀರು ಹಾಕುತ್ತಾ ಜೋರಾಗಿ ಕಲಕಿ. ಹೊಡೆಯುವಾಗ ಆರೇಳು ಪಟ್ಟು ನೀರು ಸೇರಿಸಿ. ಅಂದರೆ ಅರ್ಧ ಕೆ.ಜಿ.ಗೆ ಹದಿನೈದು ಲೀಟರಿನ ಎರಡು ಕ್ಯಾನು. ಅವರೆ, ಅಲಸಂದೆಗೆ ಮುತ್ತುವ ಹೇನಿನಂಥ ಮೆತ್ತನೆ ಮೈಯ ಕೀಟಕ್ಕೆ ಇದು ಸರಿ. ಕಾಯಿ ಕೊರೆಯುವ ಹುಳುವಿಗೆ ಹೊಡೆದು "ಏನೂ ಆಗಲಿಲ್ಲ" ಅನ್ನಬೇಡಿ.

ಗಿಡದ ಕಷಾಯ ಅಂತ ಸಲೀಸಾಗಿ ಕಾಣಬಾರದು. ಅದರಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಹೋಗುತ್ತದೆ. ಎಲೆ ಮುರಿಯುವ ಕೂಲಿಯವರಿಗೇ ತಲೆಸುತ್ತು ವಾಂತಿ ಬರುವುದುಂಟು. ನಿಕೋಟಿನ್ ಸಲ್ಫೇಟ್ ಎಂಬ ಅಂಗಡಿ ಔಷಧಿಯನ್ನು ಕೇಂದ್ರ ಸರ್ಕಾರ 1992ರಲ್ಲಿ ನಮ್ಮ ದೇಶದ ಹೊಲಗಳಿಗೆ ನಿಷೇಧ ಮಾಡಿತು. ಕೈಗವಸು, ಮೈತುಂಬ ಬಟ್ಟೆ ಇರಲಿ. ಕಷಾಯದ ಬಕೆಟ್ಟು ಮಕ್ಕಳ ಕೈಗೆ, ಕರುಗಳ ಬಾಯಿಗೆ ಸಿಗಬಾರದು. ದನಗಳ ಹೇನು ಉಣ್ಣೆಗೆ ಇದೇ ನೀರು ಬಳಿಯುವವರಿದ್ದಾರೆ, ಅದೂ ಬೇಡ. ದನ ಮೈ ನೆಕ್ಕಿಕೊಳ್ಳುತ್ತದೆ. ಅಮೃತಮಹಲ್ ಕಾವಲಿನ ಊರಿನವರಿಗೆ ಇದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಸೊಪ್ಪಿನ ತರಕಾರಿಗೆ, ಕೊಯ್ಲಿಗೆ ಬಂದ ಕಾಯಿಗೆ ಹೊಡೆಯಬೇಡಿ. ಹಿಪ್ಪುನೇರಳೆ ತೋಟದ ಹತ್ತಿರವೂ ಬೇಡ, ರೇಷ್ಮೆ ಹುಳು ಸಾಯುತ್ತದೆ. ಟೊಮೇಟೊ, ಮೆಣಸಿನಕಾಯಿ, ಬದನೆ ಮೂರೂ ಹೊಗೆಸೊಪ್ಪಿನ ನೆಂಟರು. ಅದರ ಎಲೆಯಲ್ಲಿರುವ ಮೊಸಾಯಿಕ್ ನಂಜು ಒಣಗಿದ ಮೇಲೂ ಸಾಯುವುದಿಲ್ಲ, ಮುಟ್ಟಿದ ಕೈಯಿಂದಲೇ ಈ ಗಿಡಗಳಿಗೆ ಅಂಟುತ್ತದೆ. ಕಡ್ಡಿಪುಡಿ ತಿಕ್ಕಿದ ಕೈಯಲ್ಲಿ ಟೊಮೇಟೊ ಸಸಿ ನೆಡುವವರು ಸೋಪು ಹಾಕಿ ಕೈ ತೊಳೆದೇ ಇಳಿಯಬೇಕು. ಇವುಗಳಿಗೆ ಬೇವಿನ ಬೀಜದ ಕಷಾಯವೇ ಸಾಕು. ಸಾವಯವ ಸರ್ಟಿಫಿಕೇಟ್ ಇರುವ ತೋಟದವರು ಹೊಗೆಸೊಪ್ಪು ಮುಟ್ಟುವ ಮೊದಲು ತಮಗೆ ಸರ್ಟಿಫಿಕೇಟ್ ಕೊಟ್ಟವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಲಿ. ಗಿಡದಿಂದ ಬಂದದ್ದೆಲ್ಲ ನಡೆಯುತ್ತದೆ ಅಂತಿಲ್ಲ.

ಈಗ ಅರ್ಜಿಯ ಎರಡನೇ ಭಾಗ. ಹಿರಿಯರು ಬೇಸರ ಮಾಡಿಕೊಳ್ಳಬಾರದು. "ಪ್ಯಾಕೆಟ್ಟಿನದು ಕೆಟ್ಟದ್ದು, ಅದರಲ್ಲಿ ಏನೇನೋ ಹಾಕ್ತಾರೆ; ಶುದ್ಧವಾದ ಎಲೆ ಕೊಡಿಸಿ, ನಮ್ಮ ಕಾಲದ ಹಾಗೆ" ಅಂತ ಅವರ ಮಾತು. ಗುಟ್ಕಾವನ್ನು ನಮ್ಮ ರಾಜ್ಯದಲ್ಲಿ 2013ರಲ್ಲಿ ನಿಷೇಧ ಮಾಡಿದ್ದೂ ನಿಜ. ಆದರೆ ನಮ್ಮ ದೊಡ್ಡಪ್ಪನವರು ಪ್ಯಾಕೆಟ್ ಮುಟ್ಟಿದವರಲ್ಲ. ಸ್ವಂತ ಹಿತ್ತಿಲ ಎಲೆ, ಕೊಟ್ಟಿಗೆ ಗೊಬ್ಬರ, ಔಷಧಿಯ ಒಂದು ಹನಿ ಇಲ್ಲ. ಸುಣ್ಣ ತಿಕ್ಕಿ ಎಡದವಡೆಗೆ ಇಟ್ಟುಕೊಳ್ಳುತ್ತಿದ್ದರು. ಹುಣ್ಣು ಎದ್ದದ್ದು ಅದೇ ಜಾಗದಲ್ಲಿ. ಬಿಸಿ ಅನ್ನ ಮುಟ್ಟಲಾರದೆ ಗಂಜಿಗೆ ಬಂದಾಗ ಬೆಂಗಳೂರಿಗೆ ಕರೆದುಕೊಂಡು ಹೋದೆವು. ದವಡೆ ತೆಗೆದರು. ಆಮೇಲೆ ಒಂಬತ್ತು ತಿಂಗಳು ಬದುಕಿದರು. ಹಬ್ಬದ ಪಂಕ್ತಿಗೆ ಕೂರಲಿಲ್ಲ.

ವೈದ್ಯರು ಆಗ ಬಿಡಿಸಿ ಹೇಳಿದರು: ಕ್ಯಾನ್ಸರ್ ತರುವ ಮುಖ್ಯ ಪದಾರ್ಥ ಹೊರಗಿನಿಂದ ಸಿಂಪಡಿಸಿದ್ದಲ್ಲ, ಎಲೆಯ ನಿಕೋಟಿನ್‌ನಿಂದಲೇ ಒಣಗಿಸಿ ಹದ ಮಾಡುವಾಗ ಹುಟ್ಟುತ್ತದೆ. ಗೊಬ್ಬರ ಯಾವುದಾದರೂ ಅದು ಹುಟ್ಟುತ್ತದೆ. ಜಗಿಯುವ ಹೊಗೆಸೊಪ್ಪು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತವಾಗಿ ಹೇಳಿದೆ. ಅದೇ ಪಟ್ಟಿಗೆ 2004ರಲ್ಲಿ ಅಡಿಕೆಯನ್ನೂ ಸೇರಿಸಿದ್ದಾರೆ. ಅಡಿಕೆ ತೋಟ ಇಟ್ಟುಕೊಂಡ ನಾವು ಈ ಮಾತನ್ನು ಮೈಕಿನಲ್ಲಿ ಹೇಳುವುದು ಸುಲಭವಲ್ಲ. ಆದರೂ ಹೇಳಿದ್ದೇವೆ, ಮುಂದಿನ ಸಾಲಿನಲ್ಲಿ ಕೆಲವರು ನೆಲ ನೋಡುತ್ತಿದ್ದಾರೆ.

ಹಾಗಾಗಿ ಆಡಳಿತ ಮಂಡಳಿಗೆ ನಮ್ಮ ಸಲಹೆ: ಜಗಿಯುವುದಕ್ಕೆ ಸಂಘ ಒಂದು ಎಲೆಯನ್ನೂ ತರಿಸಬಾರದು, ಸಾವಯವ ಅಂತ ಚೀಟಿ ಅಂಟಿಸಿದ್ದನ್ನೂ ಸಹ. ಸಂಘದ ಮುದ್ರೆ ಬಿದ್ದರೆ ಜನ ಒಳ್ಳೆಯದೆಂದೇ ನಂಬುತ್ತಾರೆ. ನಮ್ಮ ಗೋದಾಮಿನ ಎದುರಿಗೇ ಶಾಲೆ ಇದೆ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾನೂನೇ ಹೇಳುತ್ತದೆ. ನಮ್ಮ ರಾಜ್ಯದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ಕೊಡುವಂತೆಯೂ ಇಲ್ಲ. ಐವತ್ತು ವರ್ಷದ ಅಭ್ಯಾಸ ಇರುವ ಅಜ್ಜಂದಿರಿಗೆ ನಾಳೆಯೇ ಬಿಡಿ ಅನ್ನಲು ನಾವು ಯಾರು? ಬಿಡಬೇಕೆಂಬ ಮನಸ್ಸಿದ್ದವರಿಗೆ 1800-11-2356 ಎಂಬ ಸರ್ಕಾರದ ಉಚಿತ ಫೋನ್ ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ನಂಬರನ್ನು ಕಚೇರಿ ಬೋರ್ಡಿನಲ್ಲಿ ಬರೆಸಿದ್ದೇವೆ. ಬಾಯಲ್ಲಿ ಎರಡು ವಾರದಲ್ಲಿ ಮಾಯದ ಹುಣ್ಣು, ಬಿಳಿ ಕೆಂಪು ಮಚ್ಚೆ ಇದ್ದರೆ ಮುಚ್ಚಿಡದೆ ತೋರಿಸಿ.

ಕಷಾಯದವರದು ಬೇರೆ ಲೆಕ್ಕ. ಒಬ್ಬ ರೈತನಿಗೆ ಬೇಕಾದ್ದು ಒಂದೆರಡು ಕೆ.ಜಿ. ಅಷ್ಟಕ್ಕೆ ಯಾವ ಸಣ್ಣ ಬೆಳೆಗಾರನೂ ಲಾರಿ ಆಫೀಸಿಗೆ ಹೋಗಿ ಪಾರ್ಸೆಲ್ ಹಾಕುವುದಿಲ್ಲ, ಹಾಕಿದರೂ ಬಾಡಿಗೆ ಎಲೆಯ ಬೆಲೆ ಮೀರುತ್ತದೆ. ಮೂವತ್ತು ಜನ ಸೇರಿದರೆ ಒಂದು ಬೇಲು ಆಗುತ್ತದೆ. ಆದ್ದರಿಂದ ಬೇಕಾದವರು ಎಷ್ಟು ಕೆ.ಜಿ., ಯಾವ ಬೆಳೆಗೆ ಅಂತ ಬರೆದು ಕಾರ್ಯದರ್ಶಿಗಳ ಕೈಗೆ ಕೊಡಿ. ಬೆಳೆಯ ಹೆಸರು ಬರೆಯದ ಚೀಟಿ ತೆಗೆದುಕೊಳ್ಳುವುದಿಲ್ಲ. ಇಬ್ಬರು ಸದಸ್ಯರು ಹೋಗಿ ಹೊಲ ನೋಡಿ, ಐದು ಕೆ.ಜಿ. ಮಾದರಿ ತರಲಿ. ಇಲ್ಲಿ ಕಟ್ಟು ಬಿಚ್ಚಿ, ಜರಡಿ ಹಿಡಿದು ಮಣ್ಣು ಕಳೆದು ತೂಕ ಮಾಡಿ ಒಪ್ಪಿದ ಮೇಲೆ ಉಳಿದದ್ದಕ್ಕೆ ದುಡ್ಡು. ಸರಕು ಬಂದ ಮೇಲೆ ಹಿಂಡಿ, ದವಸದ ಪಕ್ಕ ಇಡದೆ ಹಿಂದಿನ ಕೋಣೆಯಲ್ಲಿ ಬೀಗ ಹಾಕಿ, ಮೇಲೆ "ವಿಷ" ಅಂತ ಕೆಂಪಕ್ಷರದಲ್ಲಿ ಬರೆಸಿ ಇಡಬೇಕು.

 ಊಟಕ್ಕೆ ಎಲೆ ಹಾಕಿದ್ದಾರಂತೆ.